ಇಸ್ತ್ರಿ ಹಾಕಿದ ರಸೀದಿ

ಶರಟುಗಳ ಮೇಲೆ ನೀರು ಚಿಮುಕಿಸಿ, ಒಂದೊಂದನ್ನೇ ಸುತ್ತಿ ಬುಟ್ಟಿಗೆ ಹಾಕುತ್ತಿದ್ದೆ. ಮಗಳು ಕೆಲಸದಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ ಕೇಳಿದಳು.

"ಅಮ್ಮಾ, ಅಪ್ಪನ ಕಣ್ಣಿನ ರಸೀದಿ ಎಲ್ಲಿಟ್ಟಿದೀಯ? ತೆರಿಗೆ ಕಚೇರಿಯವರು ಮೂಲ ಪ್ರತೀನೇ ಕಳಿಸಿ ಅಂತಿದಾರೆ."

ನಮ್ಮದು ಇಸ್ತ್ರಿ ಅಂಗಡಿ. ಹಿಂದಿನ ವರ್ಷ ನಮ್ಮ ಯಜಮಾನರ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು, ದಪ್ಪ ಕನ್ನಡಕವೂ ಬಂತು, ಆದರೂ ಆ ಕಣ್ಣಿಗೆ ನೆರಳಿನಷ್ಟೇ ಕಾಣುತ್ತಿತ್ತು. ಮಗಳು ಸಂಬಳದಲ್ಲೇ ಎಲ್ಲ ಕೊಟ್ಟಳು. ಹೆತ್ತವರ ಕಣ್ಣಿಗೆ ಖರ್ಚು ಮಾಡಿದ್ದಕ್ಕೆ ತೆರಿಗೆಯಲ್ಲಿ ವಿನಾಯಿತಿ ಇದೆಯಂತೆ. ಸಂಬಳದಲ್ಲಿ ತೆರಿಗೆಯೆಂದು ಹಿಡಿದುಕೊಂಡದ್ದು ವಾಪಸು ಬಂದರೆ ಎಡಗಣ್ಣಿಗೂ ಮಾಡಿಸಬಹುದು ಎಂದು ನಾವೆಲ್ಲ ಕಾದಿದ್ದೆವು. ತುಂಬ ತಡ ಮಾಡಬೇಡಿ ಎಂದು ಡಾಕ್ಟರು ಹೇಳಿಯೇ ಇದ್ದರು.

"ನನ್ನ ಹತ್ರ ಇದೆ," ಎಂದರು ಇವರು. ಟ್ರಂಕಿನಿಂದ ತೆಗೆದು ಎರಡು ಕೈಯಲ್ಲಿ ಹಿಡಿದು ಕೊಟ್ಟರು. "ಮುದುರಿ ಮುದ್ದೆಯಾಗಿತ್ತು. ಇಸ್ತ್ರಿ ಹಾಕಿ ಇಟ್ಟಿದೀನಿ. ಒಂದು ಸುಕ್ಕು ತೋರಿಸು ನೋಡೋಣ."

ನಮ್ಮ ಮನೆಯಲ್ಲಿ ಅದು ಮೊದಲಿನಿಂದ ಬಂದ ರೂಢಿ. ಶಾಲೆಗೆ ಹೋಗುವ ಅರ್ಜಿಯಿರಲಿ, ಬ್ಯಾಂಕಿನ ಚೀಟಿಯಿರಲಿ, ಇಸ್ತ್ರಿ ಪೆಟ್ಟಿಗೆಯ ಶಾಖ ತಾಗದೆ ಯಾವ ಕಾಗದವೂ ಹೊಸಿಲು ದಾಟುವುದಿಲ್ಲ. ಆದರೆ ಮೆಷಿನ್ನಿನಿಂದ ಉದ್ದಕ್ಕೆ ಹೊರಬರುವ ನುಣುಪು ಕಾಗದಕ್ಕೆ ಬಿಸಿ ಆಗದು ಎಂದು ನಮಗೆ ಯಾರು ಹೇಳಬೇಕು? ರಸೀದಿ ಈ ತುದಿಯಿಂದ ಆ ತುದಿಯವರೆಗೆ ಇದ್ದಲಿನಂತೆ ಕಪ್ಪಾಗಿತ್ತು. ಅಕ್ಷರ ಎಲ್ಲಿ, ಕಾಗದ ಎಲ್ಲಿ, ಏನೂ ತಿಳಿಯುತ್ತಿರಲಿಲ್ಲ. ಇವರ ಕಣ್ಣಿಗೆ ಮಾತ್ರ ಅದು ಕಂಡಿರಲಿಲ್ಲ.

ಮಗಳು ನನ್ನ ಮುಖ ನೋಡಿದಳು. ನಾನು ಹೇಳಬೇಡವೆಂದು ತಲೆಯಾಡಿಸಿದೆ.

"ಚೆನ್ನಾಗಿದೆ ಅಪ್ಪ," ಎಂದಳು.

ಇವರು ಹಿಗ್ಗಿ ಎದುರು ಅಂಗಡಿಯ ದರ್ಜಿಗೂ ತೋರಿಸಿ ಬಂದರು.

ರಸೀದಿಯ ನಕಲು ಕೇಳಲು ನಾನೂ ಮಗಳೂ ಆಸ್ಪತ್ರೆಗೆ ಹೋದೆವು. ಅದು ಬೇರೆಯವರ ಕೈಗೆ ಹೋಗಿ ಬೋರ್ಡೇ ಬದಲಾಗಿತ್ತು. "ಅಜ್ಜಿ, ಹಳೇ ಲೆಕ್ಕ ಎಲ್ಲ ಹಳೇ ಮಾಲೀಕರು ಹೊತ್ಕೊಂಡು ಹೋದ್ರು," ಎಂದ ಗುಮಾಸ್ತ. "ಅವರು ಸಿಕ್ಕಿದ್ರೆ ನಂಗೂ ಹೇಳಿ, ನನ್ನ ಸಂಬಳಾನೂ ಬರಬೇಕು."

ತೆರಿಗೆ ಕಚೇರಿಯ ಹೆಂಗಸು ರಸೀದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮೆಲ್ಲಗೆ ಕೆಳಗಿಟ್ಟಳು. "ಇದು ಯಾರ ಕೈಯಲ್ಲಿ ಹಾಳಾಯ್ತೋ ಅವರೇ ಸಹಿ ಹಾಕಿ, ಏನಾಯ್ತು ಅಂತ ಪತ್ರ ಕಳಿಸಲಿ. ಒಪ್ಕೋತಾರೆ ಅಂತ ನಾನು ಹೇಳಲ್ಲ, ಆಮೇಲೆ ನನ್ನ ಬೈಬೇಡಿ."

ರಾತ್ರಿಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಪತ್ರವನ್ನು ನಾನೇ ಬರೆದೆ. ಬರೆದದ್ದೇನೋ ಆಯಿತು, ಸಹಿ ಕೇಳಲು ಬಾಯಿ ಬರಲಿಲ್ಲ. ಬೆಳಿಗ್ಗೆ ಕೇಳೋಣ ಎನ್ನುವುದು, ಸಂಜೆ ಕೇಳೋಣ ಎನ್ನುವುದು. ಪತ್ರ ಅಕ್ಕಿ ಡಬ್ಬದ ಕೆಳಗೇ ಉಳಿಯಿತು. ಅಷ್ಟರಲ್ಲಿ ಇವರ ಎಡಗಣ್ಣು ಇನ್ನೂ ಮಂಜಾಯಿತು. ಲೋಟವನ್ನು ಮೇಜಿನ ಮೇಲಿಡಲು ಹೋಗಿ ಗಾಳಿಯಲ್ಲಿ ಬಿಡುವುದು ಶುರುವಾಯಿತು.

"ನಾಡಿದ್ದಿಗೆ ಗಡುವು ಮುಗಿಯತ್ತಮ್ಮ," ಎಂದಳು ಮಗಳು. "ನನ್ನ ಕೈಲಾಗಲ್ಲ. ನೀನೇ ಹೇಳು."

ಹೇಳಿದೆ. ಇವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಪೂರ್ತಿ ಕಪ್ಪಾ?"

"ಪೂರ್ತಿ, ರೀ."

"ಮೇಲೆ ತೆಳು ಬಟ್ಟೆ ಹಾಕಿದ್ದೆ ಕಣೇ."

"ಹಾಕಿದ್ರಿ. ನಿಮ್ಮ ತಪ್ಪಲ್ಲ."

"ದರ್ಜಿಗೂ ಗೊತ್ತಾ?"

"ನೀವು ತೋರಿಸಿದಾಗಲೇ ನೋಡಿದಾನೆ."

"ಕಳ್ಳ. ಭೇಷ್ ಅಂದ." ನಗಲು ಹೋದರು, ಆಗಲಿಲ್ಲ. "ಈಗ ಸಹಿ ಹಾಕಿದ್ರೆ ವಾಪಸು ಕೊಡ್ತಾರಾ?"

"ಗೊತ್ತಿಲ್ಲ."

"ಕೊಡದಿದ್ರೆ?"

ಅಕ್ಕಿ ಡಬ್ಬದ ಕೆಳಗಿಂದ ಪತ್ರ ತಂದೆ. ಸಹಿ ಎಲ್ಲಿ ಎಂದು ಇವರಿಗೆ ತಿಳಿಯಲು ನನ್ನ ಬೆರಳನ್ನು ಕಾಗದದ ಮೇಲಿಟ್ಟೆ. ಅದನ್ನು ತಡವಿಕೊಂಡು ಬರೆದರು. ಕೊನೆಯ ಅಕ್ಷರ ನನ್ನ ಉಗುರಿನ ಮೇಲೆಯೇ ಬಿತ್ತು.

ಮರುದಿನ ಅಂಚೆ ಕಚೇರಿಗೆ ಇವರೂ ಬಂದರು, ನನ್ನ ತೋಳು ಹಿಡಿದು. ಗುಮಾಸ್ತ ಲಕೋಟೆ ತೂಗಿ, ಮುದ್ರೆ ಒತ್ತಿ, ನೋಡದೆಯೇ ಹಿಂದಿನ ಚೀಲಕ್ಕೆ ಎಸೆದ.

"ಹಾಕಿದ್ರಾ?" ಎಂದು ಇವರು ಗಾಜಿನತ್ತ ಮುಖ ಮಾಡಿ ಕೇಳಿದರು.

"ಹೋಯ್ತು ಯಜಮಾನ್ರೇ," ಎಂದ. "ಮುಂದಿನೋರು ಬನ್ನಿ."