ಒಡ್ಡಿನ ಆಚೆ

ಗೂಟಗಳು ಅವಳ ಗದ್ದೆಯ ಈಚೆಗಿದ್ದವು. ಒನೊರೀನ್ ತಲೆಯ ಮೇಲಿನ ಸೌದೆ ಹೊರೆಯನ್ನು ಇಳಿಸದೆ ನಿಂತು ಮತ್ತೊಮ್ಮೆ ನೋಡಿದಳು. ಉಪ್ಪುನೀರು ತಡೆಯುವ ಹಳೆಯ ಒಡ್ಡು ಒಡೆದಿತ್ತು, ಹೊಸದಕ್ಕೆ ಗುರುತು ಹಾಕುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಆದರೆ ಗೂಟದ ಸಾಲು ಹಳೆಯ ಒಡ್ಡಿನ ಗುಂಟ ಹೋಗದೆ ಊರ ಕಡೆಗೆ ಸರಿದು ಬಂದಿತ್ತು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಪೊದೆಗಳ ಪಕ್ಕದ ಅವಳ ಗದ್ದೆಯನ್ನು ಇಡಿಯಾಗಿ ಕಾಸಾಮಾನ್ಸ್ ಹೊಳೆಗೆ ಬಿಟ್ಟುಕೊಟ್ಟ ಹಾಗಿತ್ತು.

ಮನೆಗೆ ಬಂದಾಗ ಗಂಡ ಅಂಪಾ ಜಗಲಿಯಲ್ಲಿ ಕೂತು ಉದ್ದ ಹಿಡಿಯ ಗುದ್ದಲಿಗೆ ಅಲಗು ಬಿಗಿಯುತ್ತಿದ್ದ.

"ಗೂಟ ಯಾರು ನೆಟ್ಟಿದ್ದು?"

"ಎಲ್ಲರೂ ಸೇರಿ."

"ಎಲ್ಲರೂ ಅಂದ್ರೆ? ನೀನೂ ಇದ್ಯಾ?"

ಅವನು ತಲೆಯೆತ್ತಲಿಲ್ಲ. "ಹಳೇ ಜಾಗದಲ್ಲಿ ಒಡ್ಡು ನಿಲ್ಲಲ್ಲ ಕಣೇ. ಸಮುದ್ರ ಮೇಲೆ ಬರ್ತಾನೇ ಇದೆ. ಮಳೆ ನೋಡಿದ್ರೆ ಉಪ್ಪು ತೊಳೆಯೋವಷ್ಟೂ ಬೀಳಲ್ಲ. ಅಲ್ಲೇ ಕಟ್ಟಿದ್ರೆ ಎಲ್ಲರ ಗದ್ದೇನೂ ಹೋಗುತ್ತೆ."

"ಅದಕ್ಕೇ ನಂದು ಹೋಗ್ಲಿ ಅಂದೆ."

"ನಾನು ಅನ್ನಲಿಲ್ಲ. ಊರವರೆಲ್ಲ ಕೂಡಿ ಕೂತಿದ್ವಿ, ಹೆಂಡದ ಗಡಿಗೆ ಖಾಲಿಯಾದ್ರೂ ಯಾರೂ ಬಾಯಿಬಿಡಲಿಲ್ಲ. ಎಲ್ರೂ ನನ್ನ ಮುಖಾನೇ ನೋಡ್ತಿದ್ರು. ಕೊನೆಗೆ ಮೊದಲನೇ ಗೂಟ ನಾನೇ ನೆಟ್ಟೆ."

ಉಳುವುದು ಅವನ ಕೆಲಸ. ನಾಟಿ, ಕೊಯ್ಲು, ಕಣಜ ಅವಳದು. ಅತ್ತೆಯ ಸಾವಿನ ಊಟ ಆದದ್ದು ಆ ಗದ್ದೆಯ ಭತ್ತದಲ್ಲಿ, ಮಗಳ ಮದುವೆಯ ಬುಟ್ಟಿಗಳು ತುಂಬಿದ್ದೂ ಅದರಲ್ಲೇ. ರಾಜಧಾನಿ ಡಾಕರಿನಿಂದ ಬರುವ ಅಂಗಡಿ ನುಚ್ಚಕ್ಕಿಯನ್ನು ನೆಂಟರಿಗೆ ಬಡಿಸುವ ಮನೆಯನ್ನು ಊರ ಹೆಂಗಸರು ಹೇಗೆ ಆಡಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಅವಳೂ ಆಡಿಕೊಂಡವಳೇ.

"ಇನ್ಮೇಲೆ ಅಂಗಡಿ ಅಕ್ಕಿ ತಿನ್ನು," ಎಂದು ಒಳಗೆ ಹೋದಳು. ಆ ಸಂಜೆ ಒಲೆ ಹೊತ್ತಲಿಲ್ಲ.

ಮರುದಿನ ನೆರೆಮನೆಯ ಪರ್ಪೆತು ಬಂದಳು. ಅವಳ ಗದ್ದೆ ಗೂಟಗಳಿಗೆ ತಾಗಿಕೊಂಡೇ ಇದ್ದರೂ ಒಳಬದಿಗಿತ್ತು.

"ನಾವೆಲ್ಲ ಒಂದೊಂದು ಮಡಿ ಬಿಟ್ಟುಕೊಡ್ತೀವಿ, ಒನೊರೀನ್."

"ಯಾವ ಮಡಿ? ಮರಳು ತುಂಬಿರೋದಾ?"

"ಥೂ, ನಿನ್ನ ನಾಲಿಗೆಗಿಷ್ಟು..."

"ನಾಲಿಗೆ ವಿಷಯ ಬಿಡು. ಸೊಸೆ ಬಂದ ಮೇಲೂ ಕೊಡ್ತೀಯಾ? ನಾಳೆ ನಿನ್ನ ಮೊಮ್ಮಗ, ‘ನಮ್ಮ ಗದ್ದೇಲಿ ಈ ಮುದುಕಿಗೇನು ಕೆಲಸ’ ಅಂದ್ರೆ?"

ಪರ್ಪೆತು ಎದ್ದು ಮನೆ ಕಡೆ ನಡೆದಳು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಕೆಲಸ ಶುರುವಾಯಿತು, ಒಡ್ಡು ಮಾತ್ರ ಏಳಲಿಲ್ಲ. ಒಳಗಿನ ಮಣ್ಣು ಬರೀ ಮರಳು. ಗಂಡಸರು ಬೆಳಿಗ್ಗೆ ಎತ್ತಿ ಹಾಕಿದ್ದು ಸಂಜೆಗೆ ಜಾರಿ ಬುಡಕ್ಕೆ ಬರುತ್ತಿತ್ತು. ಜಿಗುಟು ಮಣ್ಣಿದ್ದದ್ದು ಗೂಟದ ಆಚೆ, ಒನೊರೀನಳ ಗದ್ದೆಯಲ್ಲಿ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೋಗಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ, ಅಂಪಾನಿಗಂತೂ ಇಲ್ಲವೇ ಇಲ್ಲ. ಹುಣ್ಣಿಮೆಯ ಭರತ, ಸಮುದ್ರದ ದೊಡ್ಡ ಉಬ್ಬರ, ಹತ್ತಿರವಾಗುತ್ತಿತ್ತು.

ಒಂದು ಬೆಳಿಗ್ಗೆ ಅವಳೇ ಬುಟ್ಟಿ ಹಿಡಿದು ಬಂದಳು. ಮಣ್ಣು ಹೊರುತ್ತಿದ್ದ ಹೆಂಗಸರು ದಾರಿ ಬಿಟ್ಟರು. ಅವಳು ಗೂಟ ದಾಟಿ ತನ್ನ ಗದ್ದೆಗಿಳಿದು ಗಂಡನನ್ನು ಕೂಗಿದಳು.

"ಇಲ್ಲಿ ಅಗಿ."

"ಬೇಡ ಕಣೇ."

"ಮತ್ತೆ ಮರಳು ಗುಡ್ಡೆ ಹಾಕ್ತಾ ಕೂತಿರ್ತೀಯಾ? ನಂದೂ ಹೋಗ್ಲಿ, ಅವರದ್ದೂ ಹೋಗ್ಲಿ ಅಂತಾನಾ? ಅಗಿ ಅಂದೆ."

ಅಂಪಾ ಗುದ್ದಲಿ ಇಳಿಸಿದ. ಅವನೇ ವರ್ಷವರ್ಷವೂ ನಾಟಿಗೆಂದು ಸಾಲು ಸಾಲು ಏರಿ ಕಟ್ಟಿದ್ದ ಮಣ್ಣು, ಕಪ್ಪಗೆ ಹೊಳೆಯುತ್ತ ಹೆಂಟೆ ಹೆಂಟೆಯಾಗಿ ಎದ್ದು ಬಂತು. ಒನೊರೀನ್ ಬುಟ್ಟಿ ಒಡ್ಡಿದಳು. ಸ್ವಲ್ಪ ಹೊತ್ತಿನ ಮೇಲೆ ಪರ್ಪೆತು ಬುಟ್ಟಿ ಹಿಡಿದು ಬಂದು ಅವಳ ಹಿಂದೆ ನಿಂತಳು.

"ಏನು ನೋಡ್ತೀಯಾ, ತುಂಬಿಸ್ಕೋ," ಎಂದಳು ಒನೊರೀನ್. "ನಿಮ್ಮ ಒಡ್ಡು ಯಾರ ಮಣ್ಣು ಅಂತ ಮೊಮ್ಮಗನಿಗೆ ಹೇಳು."

"ಹೇಳ್ತೀನಿ," ಎಂದಳು ಪರ್ಪೆತು. ಬುಟ್ಟಿಯನ್ನು ಮುಂದಕ್ಕೆ ಚಾಚಿದಳು.

ಹುಣ್ಣಿಮೆಯ ಹೊತ್ತಿಗೆ ಒಡ್ಡು ಎದೆಮಟ್ಟ ಎದ್ದು ನಿಂತಿತ್ತು. ಮಧ್ಯಾಹ್ನ ಭರತ ಏರತೊಡಗಿದಾಗ ಊರಿಗೆ ಊರೇ ಅದರ ಮೇಲೆ ನಿಂತು ನೋಡಿತು. ಒನೊರೀನ್ ಮಾತ್ರ ಆಚೆ ತನ್ನ ಗದ್ದೆಯಲ್ಲೇ ನಿಂತಿದ್ದಳು. ಹೊಳೆಯ ನೀರು ಬಂದು ಮಣ್ಣು ತೆಗೆದ ಗುಂಡಿಗಳನ್ನು ತುಂಬಿತು. ಆಮೇಲೆ ಏರಿಗಳ ನಡುವೆ, ಮಳೆಯ ನೀರಿನಷ್ಟೇ ಮೆತ್ತಗೆ, ಹರಿದು ಬಂತು.

"ಮೇಲೆ ಬಾರೇ," ಅಂಪಾ ಕೈ ಚಾಚಿದ.

ಅವಳ ಕಾಲ ಬಳಿ ಬದುವೊಂದು ಸಣ್ಣಗೆ ಕಿತ್ತುಹೋಗಿ ನೀರು ಒಸರುತ್ತಿತ್ತು. ಅವಳು ಬಾಗಿ ಒಂದು ಹಿಡಿ ಕೆಸರೆತ್ತಿ ಅಲ್ಲಿ ಮೆತ್ತಿದಳು, ಹಿಮ್ಮಡಿಯಿಂದ ಒತ್ತಿ ಗಟ್ಟಿ ಮಾಡಿದಳು. ನೀರು ಬದುವಿನ ಮೇಲೇರಿ ಅವಳ ಪಾದಗಳನ್ನು ಮುಚ್ಚಿತು.