ಹದಿಮೂರನೆಯ ಪಾಠ

ಈ ಕಥೆಯನ್ನು ಮೊದಲು ಹೇಳಿದವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ಹೊಲಿಯುವ ಹೆಂಗಸು. ಹೇಳಿದ್ದು, ಅಲ್ಲಿನ ಹಳೆಯ ಬಾಯ್ಲರನ್ನು ಬದಲಿಸಿದ ವರ್ಷ, ಒಂದು ಶನಿವಾರ, ಐದು ಗಂಟೆಗೆ ಕೆಲಸ ಬಿಟ್ಟ ಮೇಲೆ, ಗೇಟಿನ ಪಕ್ಕದ ತಗಡು ಹೊದಿಸಿದ ಬಸ್ ತಂಗುದಾಣದಲ್ಲಿ. ಕೇಳುತ್ತಿದ್ದವರು ಅವಳದೇ ಕಾರ್ಖಾನೆಯ ಏಳು ಮಂದಿ ಹೆಂಗಸರು. ಕಥೆಯೊಳಗಿನ ಹೆಂಡತಿ ಅವಳ ಒಡಹುಟ್ಟಿದ ಅಕ್ಕ; ಆದ್ದರಿಂದ ಗಂಡನನ್ನು ಅವಳು ಕೊನೆಯವರೆಗೂ ಭಾವ ಎಂದೇ ಕರೆದಳು. ಇಲ್ಲಿಯೂ ಅದನ್ನು ಹಾಗೆಯೇ ಉಳಿಸಿಕೊಂಡಿದೆ.

ಭಾವ ಮಗಳ ಮಂಚದ ತುದಿಯಲ್ಲಿ ಕುಳಿತು, ತೊಡೆಯ ಮೇಲೆ ಗಿಟಾರನ್ನು ಕೂಸಿನಂತೆ ಅಡ್ಡ ಮಲಗಿಸಿಕೊಂಡು, ದಿಂಬಿಗೆ ಒರಗಿಸಿಟ್ಟ ಫೋನನ್ನೇ ನೋಡುತ್ತಿದ್ದ. ಒಂದು ತಂತಿಯನ್ನು ಮೀಟಿದ. ತೆರೆಯ ಮೇಲೆ ಕೆಂಪು ಚುಕ್ಕಿ ಮೂಡಿತು. ಮತ್ತೆ ಮೀಟಿದ. ಮತ್ತೆ ಕೆಂಪು. ನಾದಿನಿ ಬಾಗಿಲಲ್ಲಿ ನಿಂತಿದ್ದುದನ್ನು ಗಮನಿಸಿ, ಕಳ್ಳತನದಲ್ಲಿ ಸಿಕ್ಕವನಂತೆ, "ಖಾತೆ ಮುಚ್ಚಿಬಿಡ್ತಾರಂತೆ ಕಣಮ್ಮ," ಎಂದ.

"ಐವತ್ನಾಲ್ಕು ವರ್ಷಕ್ಕೆ ಗಿಟಾರಾ?" ಎಂದಳು ಕೇಳುತ್ತಿದ್ದವರಲ್ಲಿ ಕಾಲರ್ ಹೊಲಿಯುವವಳು. "ನಮ್ಮನೆಯವ್ರಿಗೆ ಹೇಳ್ಬೇಕು. ಟಿವಿ ರಿಮೋಟ್ ಬಿಟ್ಟು ಬೇರೆ ಏನೂ ಹಿಡಿಯೋಕೆ ಬರಲ್ಲ ಅವ್ರಿಗೆ."

"ಸುಮ್ನೆ ಕೇಳೇ," ಎಂದು ಪಕ್ಕದವಳು ತಿವಿದಳು.

ಮಗಳಿಗೆ ಹತ್ತೊಂಬತ್ತು ವರ್ಷ. ಹನ್ನೊಂದು ದಿನದ ಜ್ವರದಲ್ಲಿ ಹೋದಳು. ಅದಕ್ಕೆ ಮೊದಲು ವರ್ಷದ ಕಾಲ ಫೋನಿನ ಆ್ಯಪ್ ಒಂದರ ಎದುರು ಕುಳಿತು ಗಿಟಾರ್ ಕಲಿಯುತ್ತಿದ್ದಳು. ಆ್ಯಪ್ ಕಿವಿಗೊಟ್ಟು ಕೇಳುತ್ತಿತ್ತು. ಸ್ವರ ಸರಿಯಾದರೆ ಹಸಿರು, ತಪ್ಪಿದರೆ ಕೆಂಪು. ಪಾಠ ಮುಗಿದೊಡನೆ ನೂರಕ್ಕೆ ಇಷ್ಟೆಂದು ಅಂಕ. ಪ್ರತಿ ಪಾಠದ ಕೆಳಗೂ ಅವಳು ನುಡಿಸಿದ್ದರ ಧ್ವನಿಮುದ್ರಿಕೆ ಇರುತ್ತಿತ್ತು. ಹುಡುಗಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. ನುಡಿಸುವಾಗಲೂ ಲೆಕ್ಕ ಎಣಿಸುತ್ತಿದ್ದಳು, ಗುನುಗುತ್ತಿದ್ದಳು, ಕೆಂಪು ಬಂದರೆ ಫೋನನ್ನೇ ಬೈಯುತ್ತಿದ್ದಳು. ಮನೆಯಲ್ಲಿ ಅವಳ ಫೋಟೋಗಳಿಗೆ ಕೊರತೆಯಿರಲಿಲ್ಲ. ದನಿ ಮಾತ್ರ ಉಳಿದಿದ್ದದ್ದು ಅವಳು ಕಲಿತ ಹದಿಮೂರು ಪಾಠಗಳಲ್ಲಿ.

ತಿಥಿ ಮುಗಿದ ವಾರದಲ್ಲೇ ಅಕ್ಕ ಗಂಡನಿಗೆ ಹೇಳಿದ್ದಳು: "ಅವಳ ದನಿ ಕೇಳೋಕೆ ಈಗ ನನ್ನ ಕೈಲಾಗಲ್ಲ. ಆಗೋ ದಿನ ನಾನೇ ಹೇಳ್ತೀನಿ. ಅಲ್ಲೀವರೆಗೆ ನೀವೂ ಕೇಳ್ಬೇಡಿ. ಕೇಳಿದ್ರೆ ಇಬ್ರೂ ಒಟ್ಟಿಗೇ ಕೇಳೋಣ." ಭಾವ ಆಯಿತೆಂದ. ಆಡಿದ ಮಾತಿಗೆ ತಪ್ಪುವ ಮನುಷ್ಯನಲ್ಲ. ಎರಡು ತಿಂಗಳು ಕಳೆದಾಗ ಮಗಳ ಫೋನಿಗೆ ಒಂದು ಸಂದೇಶ ಬಂತು: ಅರವತ್ತು ದಿನಗಳಿಂದ ಅಭ್ಯಾಸ ನಡೆದಿಲ್ಲ, ತೊಂಬತ್ತಾದರೆ ಖಾತೆಯನ್ನೂ ಅದರೊಳಗಿನ ಧ್ವನಿಗಳನ್ನೂ ಅಳಿಸಲಾಗುವುದು. ಅದನ್ನೋದಿದ ಮರುದಿನವೇ ಅವನು ಗಿಟಾರಿನ ಧೂಳು ಒರೆಸಿದ್ದು.

ಖಾತೆ ಉಳಿಯುವುದಕ್ಕೆ ತಿಂಗಳಿಗೊಮ್ಮೆ ಎರಡು ತಂತಿ ಮೀಟಿದರೆ ಸಾಕಿತ್ತು. ಆದರೆ ಭಾವ ಅದೇ ಕಾರ್ಖಾನೆಯ ಚೆಕ್ಕಿಂಗ್ ಟೇಬಲಿನಲ್ಲಿ ಇಪ್ಪತ್ತೆರಡು ವರ್ಷ ನಿಂತವನು. ಡೊಂಕಾದ ಹೊಲಿಗೆ ಕಂಡಲ್ಲಿ ಬಾಣದ ಗುರುತಿನ ಕೆಂಪು ಸ್ಟಿಕ್ಕರ್ ಅಂಟಿಸುವುದು ಅವನ ಕೆಲಸ. ಸ್ಟಿಕ್ಕರ್ ಬಿದ್ದ ಅಂಗಿ ಬುಟ್ಟಿಗೆ ಹೋಗುತ್ತದೆ, ಬುಟ್ಟಿಯಿಂದ ಹೊಲಿದವರ ಬಳಿಗೆ. ಬಿಚ್ಚಿ ಹೊಲಿದು ತಂದರೆ ಮತ್ತೆ ಅವನ ಟೇಬಲಿಗೆ. ಒಂದನ್ನೂ ಬಿಸಾಡುವುದಿಲ್ಲ. ಕೆಂಪನ್ನು ಕೆಂಪಾಗಿಯೇ ಬಿಟ್ಟು ಏಳುವುದು ಆ ಮನುಷ್ಯನಿಂದ ಸಾಧ್ಯವಿರಲಿಲ್ಲ. ಕೆಲಸಕ್ಕೆ ಹೊರಡುವ ಮುನ್ನ ಅರ್ಧ ಗಂಟೆ, ಬಂದ ಮೇಲೆ ಒಂದು ಗಂಟೆ ಕುಳಿತ. ಎಡಗೈಯ ಬೆರಳ ತುದಿಗಳು ಒಡೆದು ಜಡ್ಡುಗಟ್ಟಿದವು. ಮೊದಲ ಪಾಠ ಪೂರ್ತಿ ಹಸಿರಾಗಲು ಐದು ವಾರ ಹಿಡಿಯಿತು. ಎರಡನೆಯದು ಮೂರು ವಾರ. ಆಮೇಲೆ ಕೈ ಓಡಿತು. ಒಂದೊಂದು ಪಾಠದಲ್ಲಿ ಅವನು ಗೆದ್ದಾಗಲೂ ತೆರೆಯ ಮೇಲೆ ಒಂದು ಸಾಲು ಬರುತ್ತಿತ್ತು: ನಿಮ್ಮ ಅತ್ಯುತ್ತಮ ಪ್ರಯತ್ನವನ್ನು ಉಳಿಸಿಕೊಳ್ಳಲಾಗಿದೆ.

"ನೋಡಮ್ಮ," ಎಂದು ಅವನು ನಾದಿನಿಗೆ ತೋರಿಸಿದ್ದ. "ಪಾಸಾಗಿದ್ದನ್ನ ಮೇಲಿಡುತ್ತೆ. ಮಿಕ್ಕಿದ್ದು ಬುಟ್ಟೀಲಿರುತ್ತೆ. ಥೇಟ್ ನಮ್ಮ ಟೇಬಲ್ಲೇ."

"ಹೌದಲ್ವಾ ಭಾವ, ಅಂದೆ ನಾನು," ಎಂದಳು ಕಥೆ ಹೇಳುವವಳು. ಊಟದ ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚಿದಳು.

"ನಾನಾಗಿದ್ರೂ ಹಂಗೇ ಅಂತಿದ್ದೆ ಬಿಡೇ," ಎಂದಳು ಕಾಲರ್‌ನವಳು.

ಮಗಳು ಹೋದ ಹತ್ತನೆಯ ತಿಂಗಳಲ್ಲಿ, ಒಂದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅಕ್ಕ ತಂಗಿಯನ್ನು ಕರೆಸಿಕೊಂಡಳು. ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಯಾರೋ ನೆಂಟರು ಬರುವವರಿದ್ದಾರೆ ಎಂಬಂತೆ ಕುರ್ಚಿಯಲ್ಲಿ ಕುಳಿತಿದ್ದಳು. "ಇವತ್ತು ಹಾಕಿ," ಎಂದಳು ಗಂಡನಿಗೆ. ಅವನು ಫೋನಿನ ತೆರೆಯನ್ನು ಅಂಗಿಯ ಅಂಚಿನಿಂದ ಎರಡು ಬಾರಿ ಒರೆಸಿ, ಮೊದಲ ಪಾಠದ ಕೆಳಗಿನ ಗುರುತನ್ನು ಒತ್ತಿದ.

ಒಂದು ಕೆಮ್ಮು ಕೇಳಿಸಿತು. ಗಂಡಸಿನ ಕೆಮ್ಮು. ಆಮೇಲೆ ತಂತಿಗಳು, ಒಂದೊಂದಾಗಿ, ತಪ್ಪಿಲ್ಲದೆ.

"ಇದು ನೀವು," ಎಂದಳು ಅಕ್ಕ.

"ಮೇಲಿರೋದು ನಂದು. ಅವಳದ್ದು ಕೆಳಗಿರುತ್ತೆ, ತಾಳು." ತೆರೆಯನ್ನು ಮೇಲೆ ಸರಿಸಿದ, ಕೆಳಗೆ ಸರಿಸಿದ. ಕೆಳಗೆ ಎರಡನೆಯ ಪಾಠವಿತ್ತು. ಒತ್ತಿದ. ಅದರಲ್ಲಿಯೂ ಅವನೇ ಇದ್ದ. ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ ಕೂಡ. ಐದನೆಯದು ಶುರುವಾಗುವಾಗ ಅವನ ಬೆರಳು ತೆರೆಯ ಮೇಲೆಯೇ ನಿಂತಿತು. ಬುಟ್ಟಿ ಎಲ್ಲಿಯೂ ಇರಲಿಲ್ಲ.

"ಯಾಕೆ ನಿಲ್ಲಿಸಿದ್ರಿ?"

"ಒಳ್ಳೇದೊಂದನ್ನೇ ಇಟ್ಕೊಂಡು ಮಿಕ್ಕಿದ್ದನ್ನ ಅಳಿಸಿಬಿಡುತ್ತೆ ಅಂತ ಕಾಣುತ್ತೆ."

ಅಕ್ಕನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅವಳು ಅಳಲಿಲ್ಲ. "ಇದರಲ್ಲಿ ಅವಳು ಏನು ಹೇಳಿದ್ಲು?" ಎಂದು ಕೇಳಿದಳು.

"ಗೊತ್ತಿಲ್ಲ."

"ಒಂದ್ಸಲಾನೂ ಕೇಳ್ಲಿಲ್ವಾ?"

"ನಿನ್ ಜೊತೆ ಕೇಳೋಣ ಅಂತ ಇಟ್ಟಿದ್ದೆ."

ಅಕ್ಕ ತಲೆಯಾಡಿಸಿದಳು. ಹಾಕಿ, ಎಂದಳು. ಐದು, ಆರು, ಏಳು. ಹನ್ನೆರಡರವರೆಗೂ ಅವಳು ಕೇಳಿದಳು, ಒಂದನ್ನೂ ನಡುವೆ ನಿಲ್ಲಿಸಗೊಡಲಿಲ್ಲ. ಒಂದೆಡೆ, "ಚೆನ್ನಾಗಿ ನುಡಿಸ್ತೀರ," ಎಂದಳು. ಭಾವ ನೆಲ ನೋಡುತ್ತಿದ್ದ.

ಹದಿಮೂರನೆಯ ಪಾಠದಲ್ಲಿ ತೋರುಬೆರಳನ್ನು ಆರೂ ತಂತಿಗಳ ಮೇಲೆ ಚಪ್ಪಟೆಯಾಗಿ ಒತ್ತಬೇಕಿತ್ತು. ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದ ಕಾಲದಲ್ಲಿ ಭಾವನ ಆ ಬೆರಳಿಗೆ ಸೂಜಿ ಹೊಕ್ಕು ಗಿಣ್ಣು ಮಡಚಿಕೊಂಡೇ ಉಳಿದಿತ್ತು. ಮೂರು ತಿಂಗಳಿಂದ ಹೆಣಗಿದರೂ ಅಂಕ ಮೂವತ್ತೇಳು ದಾಟಿರಲಿಲ್ಲ. ಮಗಳದು ನಲವತ್ತೊಂದು. ಅವನು ಅದರ ಕೆಳಗಿನ ಗುರುತನ್ನೂ ಒತ್ತಿದ.

"ನಿಂಗೆ ಕಿವಿ ಇದ್ಯೇನೋ? ಸರಿಯಾಗೇ ಹಿಡಿದಿದೀನಲ್ಲೋ," ಎಂದಿತು ಮಗಳ ದನಿ, ಆ್ಯಪನ್ನು ಗದರಿಸುತ್ತ. ಹಿಂದೆಯೇ ಸಣ್ಣ ನಗು. ಅಕ್ಕ ಭಾವನ ಕೈಯಿಂದ ಫೋನನ್ನು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದಳು. ನಾಲ್ಕೈದು ಬಾರಿ ತಂತಿಗಳು ಕರಕರ ಎಂದವು. ಅಷ್ಟರಲ್ಲಿ ಮುದ್ರಿಕೆಯೊಳಗೇ, ಅಡುಗೆಮನೆಯ ಕಡೆಯಿಂದ, ಮಿಕ್ಸಿ ಶುರುವಾಯಿತು.

"ಅಮ್ಮಾ, ಎರಡು ನಿಮಿಷ ನಿಲ್ಲಿಸಮ್ಮ. ಇದಕ್ಕೆ ನಾನು ಕೇಳಿಸ್ತಾ ಇಲ್ಲ."

ಮಿಕ್ಸಿ ನಿಲ್ಲಲಿಲ್ಲ. ಅದರ ಅಡಿಯಲ್ಲಿ ತಂತಿಯ ಸದ್ದು ಆಗೀಗ ತಲೆಯೆತ್ತಿತು. ಇನ್ನೊಮ್ಮೆ, "ಅಮ್ಮಾ." ಆಮೇಲೆ ಒಂದೂವರೆ ನಿಮಿಷ ಮಿಕ್ಸಿಯೊಂದೇ; ಅದು ಓಡುತ್ತಿರುವಾಗಲೇ ಮುದ್ರಿಕೆ ಮುಗಿಯಿತು.

"ನಂಗೆ ಕೇಳಿಸಿತ್ತು," ಎಂದಳು ಅಕ್ಕ. "ಅವತ್ತೂ ಕೇಳಿಸಿತ್ತು."

ಭಾವ ಫೋನಿಗೆ ಕೈಚಾಚಿದ. ಅವಳು ಕೊಡಲಿಲ್ಲ. "ಇನ್ನೊಂದ್ಸಲ," ಎಂದಳು.

ತಂಗುದಾಣದಲ್ಲಿ ಕೇಳುತ್ತಿದ್ದ ಇಸ್ತ್ರಿ ವಿಭಾಗದ ಮುದುಕಿ, "ಅದನ್ನಾದ್ರೂ ಬೇರೆ ಫೋನಿಗೆ ಹಾಕ್ಕೊಂಡ್ರಾ?" ಎಂದು ಕೇಳಿದಳು.

"ನಾನೇ ಹಾಕ್ಕೊಟ್ಟೆ, ಅವತ್ತೇ."

"ನಿಮ್ ಭಾವ ಈಗ್ಲೂ ನುಡಿಸ್ತಾರಾ?"

"ತಿಂಗಳಿಗೆ ಒಂದ್ಸಲ. ಒಂದನೇ ಪಾಠ ಅಷ್ಟೇ. ಹದಿಮೂರರ ಹತ್ರ ಹೋಗಲ್ಲ. ಅವ್ರು ಕೂತಾಗ ಅಕ್ಕ ಅಡುಗೆಮನೇಲಿ ಕೈ ಕಟ್ಕೊಂಡು ನಿಂತಿರ್ತಾಳೆ. ನಲ್ಲಿ ತೊಟ್ಟಿಕ್ಕಿದ್ರೆ ಅದರ ಬಾಯಿಗೆ ಬಟ್ಟೆ ಹಿಡೀತಾಳೆ. ಅವ್ರು ಗಿಟಾರ್ ಕೆಳಗಿಡೋವರೆಗೂ ಒಂದು ಚಮಚಾನೂ ಮುಟ್ಟಲ್ಲ."

ಬಸ್ಸು ಬಂತು. ಇಬ್ಬರು ಹತ್ತಿದರು. ಉಳಿದವರ ಮನೆಗಳು ನಡೆದು ಹೋಗುವಷ್ಟು ದೂರದವು. ಅವರು ಸೀರೆಗೆ ಅಂಟಿದ ದಾರದ ಚೂರುಗಳನ್ನು ಕೊಡವಿಕೊಂಡು ಎದ್ದು ಮನೆಯ ದಾರಿ ಹಿಡಿದರು.