ಹಿಂದಿನ ಸೀಟಿನ ತೂಕ

ಭಾವ ಬೈಕನ್ನು ನನ್ನ ಅಂಗಡಿಯ ಮುಂದೆ ನಿಲ್ಲಿಸಿ ಮೂರನೇ ಸಲ ಅದೇ ದೂರು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ಹಿಂದೆ ಇನ್ನೂ ಒದೀತಿದೆ ಕಣೋ. ಸಣ್ಣ ಗುಂಡಿ ಬಂದ್ರೂ ಸಾಕು, ನಿಮ್ಮಕ್ಕ ಸೀಟು ಬಿಟ್ಟು ಮೇಲೆ ಹಾರ್ತಾಳೆ."

ಇಪ್ಪತ್ತೆರಡು ವರ್ಷದಿಂದ ಬೈಕುಗಳ ಹ್ಯಾಂಡಲ್ಲು, ಶಾಕ್ ಅಬ್ಸಾರ್ಬರುಗಳನ್ನು ಸರಿಮಾಡಿಯೇ ಹೊಟ್ಟೆ ಹೊರೆದವನು ನಾನು. ಬೆನ್ನುನೋವು, ಭುಜನೋವು ಎಂದು ನರಳುತ್ತ ಬಂದವರನ್ನು ನೆಟ್ಟಗೆ ಕೂರಿಸಿ ಕಳಿಸಿದ್ದೇನೆ. ಅಂಥವನ ಮಾನವನ್ನು ಸ್ವಂತ ಅಕ್ಕನ ಬೈಕೇ ಹರಾಜು ಹಾಕುತ್ತಿತ್ತು.

ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಒಂದು ಕುರ್ಚಿಯಲ್ಲಿ ನಾಲ್ಕು ಗಂಟೆ ಕೂತು ನರಕ್ಕೆ ಔಷಧಿ ಹಾಕಿಸಿಕೊಂಡು ಬರಬೇಕು. ಕಾರಿನಲ್ಲಿ ಕೂತರೆ ಆ ವಾಸನೆಗೇ ವಾಂತಿ. ಮುಖಕ್ಕೆ ಗಾಳಿ ಬೀಸಿದರೆ ತಡೆದುಕೊಳ್ಳುತ್ತಾಳೆ. ಹಾಗಾಗಿ ಬೈಕೇ ಗತಿ.

ಮೊದಲು ಹ್ಯಾಂಡಲನ್ನು ಎರಡು ಇಂಚು ಎತ್ತರಿಸಿ ಕೊಟ್ಟಿದ್ದೆ. ಭಾವ ಮುಂದಕ್ಕೆ ಬಾಗದೆ ನೆಟ್ಟಗೆ ಕೂತರೆ ಅವರ ಬೆನ್ನಿಗೆ ಅಕ್ಕ ತಲೆ ಆನಿಸಬಹುದು ಎಂಬುದು ನನ್ನ ಲೆಕ್ಕ. ಎತ್ತರಿಸಿದ ಮೇಲೆ ಆಕ್ಸಿಲರೇಟರ್ ಕೇಬಲ್ಲು ಗಿಡ್ಡವಾಗಿ, ಎಡಕ್ಕೆ ತಿರುಗಿಸಿದಾಗಲೆಲ್ಲ ಇಂಜಿನ್ ತಾನೇ ಅರಚುತ್ತಿತ್ತು. ಉದ್ದದ ಕೇಬಲ್ ಹಾಕಿದೆ, ಸರಿಹೋಯಿತು. ಆದರೆ ಹಿಂದಿನ ಒದೆತ ಮಾತ್ರ ಹೋಗಲಿಲ್ಲ.

ಹಿಂದಿನ ಶಾಕ್ ಅಬ್ಸಾರ್ಬರಿನ ಬುಡದಲ್ಲಿ ಐದು ಮೆಟ್ಟಿನ ಒಂದು ಬಳೆ ಇರುತ್ತದೆ. ಭಾರ ಹೆಚ್ಚಿದಷ್ಟೂ ಬಳೆಯನ್ನು ಮೇಲಿನ ಮೆಟ್ಟಿಗೆ ತಿರುಗಿಸಬೇಕು. ಹಿಂದೆ ಯಾರೂ ಕೂರದಿದ್ದರೆ ಒಂದನೆಯದು. ಕೂತವರ ಭಾರಕ್ಕಿಂತ ಬಿಗಿ ಹೆಚ್ಚಾದರೆ ಗಾಡಿ ಒದೆಯುತ್ತದೆ. ಇಷ್ಟೇ ವಿದ್ಯೆ. ಆಸ್ಪತ್ರೆಯ ಕಾರ್ಡಿನಲ್ಲಿ ಅಕ್ಕನ ತೂಕ ನಲವತ್ತೆರಡು ಕೆಜಿ ಎಂದು ಬರೆದಿತ್ತು. ಅದನ್ನೇ ನಂಬಿ ಮೂರನೇ ಮೆಟ್ಟಿಗೆ ಇಟ್ಟಿದ್ದೆ. ಒದೆಯಿತು. ಹೊಸ ಸ್ಪ್ರಿಂಗ್ ಹಾಕಿದೆ. ಆಗಲೂ ಒದೆಯಿತು. ಸ್ಪ್ರಿಂಗನ್ನು ಬೈದೆ, ಟಯರಿನ ಗಾಳಿಯನ್ನು ಬೈದೆ, ರಸ್ತೆ ಹಾಕಿದವನ ವಂಶವನ್ನೇ ಬೈದೆ. ಸೀಟಿನ ಮೇಲೆ ಕೂತವಳನ್ನು ಮಾತ್ರ ಅನುಮಾನಿಸಲಿಲ್ಲ.

ಆವತ್ತು ಆಸ್ಪತ್ರೆಯ ದಿನ. ಅಕ್ಕನೂ ಜತೆಗೇ ಬಂದಿದ್ದಳು. ತಲೆಗೆ ಬಟ್ಟೆ ಸುತ್ತಿಕೊಂಡು ಬೆಂಚಿನ ಮೇಲೆ ಕೂತು, ದಾರಿಯಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲಿರುತ್ತಿದ್ದ ಕೈಚೀಲವನ್ನು ಪಕ್ಕದಲ್ಲಿಟ್ಟುಕೊಂಡಿದ್ದಳು.

"ದೊಡ್ಡ ಎಂಜಿನಿಯರ್ರು ನೋಡು," ಎಂದಳು ಭಾವನಿಗೆ. "ಮೂರು ಸಲ ಬಿಚ್ಚಿದ. ನಾಲ್ಕನೇ ಸಲಕ್ಕೆ ಬೈಕೇ ಇರಲ್ಲ, ನಟ್ಟು ಬೋಲ್ಟು ಚೀಲಕ್ಕೆ ಹಾಕಿ ಕೊಡ್ತಾನೆ."

"ಬಾಯಿ ಮುಚ್ಕೊಂಡು ಬಂದು ಕೂತ್ಕೋ. ಇವತ್ತು ನಿನ್ನನ್ನೇ ಅಳೀತೀನಿ."

ಭಾವನನ್ನು ಬೈಕಿನ ಮೇಲೆ ಕೂರಿಸಿ, ಹಿಂದಿನ ಚಕ್ರದ ನಡುವಿನಿಂದ ಸೀಟಿನ ಅಂಚಿಗೆ ಟೇಪು ಹಿಡಿದು ಗುರುತು ಮಾಡಿಕೊಂಡೆ. ಆಮೇಲೆ ಅಕ್ಕನನ್ನು ಹತ್ತಿಸಿದೆ. ನಲವತ್ತೆರಡು ಕೆಜಿಗೆ ಹಿಂಭಾಗ ಎಷ್ಟು ಇಳಿಯಬೇಕೆಂದು ನನ್ನ ಬೆರಳುಗಳಿಗೇ ಗೊತ್ತು. ಅಷ್ಟು ಇಳಿಯಲಿಲ್ಲ. ಮತ್ತೆ ಹತ್ತಿಸಿ ಇಳಿಸಿದೆ. ಮೂರು ಸಲವೂ ಇಪ್ಪತ್ತೇ ಮಿಲಿಮೀಟರ್.

ಆಗಲೂ ನಾನು ಸ್ಪ್ರಿಂಗನ್ನೇ ಶಪಿಸುತ್ತಿದ್ದೆ. ಅದರ ಕಳ್ಳಾಟ ಹಿಡಿಯೋಣವೆಂದು ಮೂಲೆಯಲ್ಲಿದ್ದ ಇಂಜಿನ್ ಆಯಿಲ್ಲಿನ ಎರಡು ದೊಡ್ಡ ಡಬ್ಬಗಳನ್ನು ತಂದು ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದೆ. ಒಂದೊಂದರ ಭಾರ ಹದಿನೆಂಟೂವರೆ ಕೆಜಿ.

"ಇದೇನೋ, ನಿಮ್ಮಕ್ಕನ ಬದಲು ಆಯಿಲ್ಲಿಗೆ ಔಷಧಿ ಹಾಕಿಸ್ಕೊಂಡು ಬರ್ಲಾ?" ಎಂದು ಭಾವ ನಕ್ಕರು.

ಟೇಪು ನೋಡಿದೆ. ಸರಿಯಾಗಿ ಇಪ್ಪತ್ತು ಮಿಲಿಮೀಟರ್.

ಸ್ಪ್ರಿಂಗು ಸರಿಯಾಗಿಯೇ ಇತ್ತು. ಅಕ್ಕನ ತೂಕ ಎರಡು ಡಬ್ಬ ಆಯಿಲ್ಲಿನಷ್ಟೇ, ಮೂವತ್ತೇಳು. ಹಾಗಾದರೆ ಕಾರ್ಡಿನ ಆ ಐದು ಕೆಜಿ ಎಲ್ಲಿಂದ ಬಂತು?

ತಲೆ ಎತ್ತಿ ನೋಡಿದರೆ, ಬೆಂಚಿಗೆ ಮರಳಿದ್ದ ಅಕ್ಕ ನಗುತ್ತಿರಲಿಲ್ಲ. ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು.

ವಾಂತಿಯ ಮಾತ್ರೆ ಮುಗಿದಿದೆ ಎಂದು ಭಾವ ಎದುರಿನ ಮೆಡಿಕಲ್ ಸ್ಟೋರಿಗೆ ಹೋದರು. ನಾನು ಹೋಗಿ ಚೀಲ ಕಿತ್ತುಕೊಂಡೆ. ಕೈ ಜಗ್ಗಿತು. ಒಳಗೆ ಟವೆಲ್ಲಿನ ಕೆಳಗೆ ಒಂದು ಬಟ್ಟೆಯ ಪಟ್ಟಿ, ಸೊಂಟಕ್ಕೆ ಕಟ್ಟಿಕೊಳ್ಳುವಂಥದು. ಉದ್ದಕ್ಕೂ ಸಣ್ಣ ಸಣ್ಣ ಜೇಬು ಹೊಲಿದಿದ್ದಳು. ಪ್ರತಿ ಜೇಬಿನಲ್ಲೂ ಚಕ್ರದ ಬ್ಯಾಲೆನ್ಸಿಗೆ ಹಾಕುವ ಸೀಸದ ತುಂಡುಗಳು. ನನ್ನದೇ ಅಂಗಡಿಯ ಸೀಸ.

"ಏನೇ ಇದು?"

"ಮೆಲ್ಲಗೆ ಮಾತಾಡು. ಅವರಿಗೆ ಗೊತ್ತಿಲ್ಲ."

"ತೂಕ ನೋಡೇ ಔಷಧಿ ಅಳೆಯೋದು ಅಂತ ನೀನೇ ಹೇಳಿದ್ದೆ! ಐದು ಕೆಜಿ ಸುಳ್ಳು ಹೇಳಿ ಎಷ್ಟು ವಿಷ ಹಾಕಿಸ್ಕೊಂಡೆ?"

"ಜಾಸ್ತಿ ಬಿದ್ರೆ ಬೇಗ ವಾಸಿಯಾಗತ್ತೆ ಬಿಡು," ಎಂದು ನಗಲು ನೋಡಿದಳು. ಆಗಲಿಲ್ಲ. "ನಲವತ್ತಕ್ಕಿಂತ ಕೆಳಗೆ ಹೋದ್ರೆ ನಿಲ್ಲಿಸ್ತಾರೆ ಕಣೋ. ಪಕ್ಕದ ಕುರ್ಚೀಲಿ ಒಬ್ಬ ಟೀಚರ್ ಕೂರ್ತಿದ್ಲು. ಮೂವತ್ತೊಂಬತ್ತು ಬಂತು. ಚೆನ್ನಾಗಿ ತಿಂದು ತೂಕ ಮಾಡ್ಕೊಂಡು ಬನ್ನಿ ಅಂದ್ರು. ಅವಳು ಮತ್ತೆ ಬರಲೇ ಇಲ್ಲ. ನನಗೆ ನೀರೂ ಇಳಿಯಲ್ಲ, ಬಾಯೆಲ್ಲ ಹುಣ್ಣು. ನಾನೆಲ್ಲಿಂದ ತರಲಿ ತೂಕ?" ನನ್ನ ಎಣ್ಣೆಗೈಯನ್ನು ಹಿಡಿದುಕೊಂಡಳು. "ನಿನ್ನ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳ್ಬೇಡ."

ಹೇಡಿ ನಾನು. ಚೀಲವನ್ನು ಅವಳ ತೊಡೆಯ ಮೇಲೇ ಇಟ್ಟೆ. ಮಾಡಲು ಇನ್ನೇನೂ ತೋಚದೆ ಡಬ್ಬಗಳನ್ನು ಬಿಚ್ಚಿಟ್ಟು, ಪಾನಾ ತೆಗೆದುಕೊಂಡು ನೆಲಕ್ಕೆ ಕೂತು, ಎರಡೂ ಕಡೆಯ ಬಳೆಯನ್ನು ಕೆಳಕ್ಕೆ ತಿರುಗಿಸಿದೆ. ಎರಡಕ್ಕೆ ಇಟ್ಟು ಸೀಟನ್ನು ಒತ್ತಿ ನೋಡಿದೆ, ಸಮಾಧಾನವಾಗಲಿಲ್ಲ. ಒಂದಕ್ಕೆ ಇಳಿಸಿದೆ.

ಭಾವ ಮಾತ್ರೆ ಜೇಬಿಗೆ ಹಾಕಿಕೊಳ್ಳುತ್ತ ಬಂದವರು ಬಗ್ಗಿ ಬಳೆಯನ್ನು ನೋಡಿದರು.

"ಒಂದನೇ ಮೆಟ್ಟು ಒಬ್ಬರೇ ಓಡಿಸೋರಿಗೆ ಅಂತ ನೀನೇ ಅಲ್ವೇನೋ ಹೇಳಿದ್ದು?"

ನಾನು ಪಾನಾ ಒರೆಸತೊಡಗಿದೆ. "ಅವನ ತಲೆ. ಹೊತ್ತಾಯ್ತು, ನಡೀರಿ," ಎಂದು ಅಕ್ಕ ಅವರನ್ನು ಹೊರಡಿಸಿದಳು.

ಅಂಗಡಿಯಲ್ಲಿ ಹತ್ತು ನಿಮಿಷವೂ ನಿಲ್ಲಲಾಗಲಿಲ್ಲ. ಶಟರ್ ಎಳೆದು, ರಿಪೇರಿಗೆ ಬಂದ ಯಾರದೋ ಬೈಕು ಹತ್ತಿ ಆಸ್ಪತ್ರೆಗೆ ಓಡಿದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ. ಹೇಳಿದರೆ ಔಷಧಿ ನಿಲ್ಲುತ್ತದೆ, ಗಡ್ಡೆ ಅವಳನ್ನು ತಿನ್ನುತ್ತದೆ. ಹೇಳದಿದ್ದರೆ ಔಷಧಿಯೇ ತಿನ್ನುತ್ತದೆ. ದೇವರೇ, ಆಸ್ಪತ್ರೆಯ ತಕ್ಕಡಿ ಇವತ್ತೊಂದು ದಿನ ಕೆಟ್ಟಿರಲಿ ಎಂದು ಬೇಡಿಕೊಂಡೆ.

ತಕ್ಕಡಿ ಚೆನ್ನಾಗಿಯೇ ಇತ್ತು. ನಾನು ಮೆಟ್ಟಿಲು ಹತ್ತಿ ಹೋಗುವಾಗ ಅಕ್ಕ ಶೌಚಾಲಯದಿಂದ ಹೊರಗೆ ಬರುತ್ತಿದ್ದಳು. ಮೇಲಿನಿಂದ ಸ್ವೆಟರ್ ಹಾಕಿಕೊಂಡಿದ್ದಳು. ನನ್ನನ್ನು ಕಂಡು ಒಂದು ಕ್ಷಣ ನಿಂತು, ಬೇಡ ಎನ್ನುವಂತೆ ತಲೆಯಾಡಿಸಿ, ತಕ್ಕಡಿಯ ಮೇಲೆ ಹತ್ತಿದಳು.

"ನಲವತ್ತೊಂದು ಮುಕ್ಕಾಲು," ಎಂದು ನರ್ಸು ಪೆನ್ನು ತೆಗೆದಳು. "ಪರವಾಗಿಲ್ಲ, ಉಳಿಸ್ಕೊಂಡಿದ್ದೀರ."

ಭಾವನ ಮುಖ ಅರಳಿತು. ಆ ಮುಖ ನೋಡಿದ ಮೇಲೂ ನಾನು ಬಾಯಿ ಬಿಟ್ಟೆ.

"ಬರೀಬೇಡಿ ಸಿಸ್ಟರ್. ಅವಳ ಸೊಂಟದಲ್ಲಿ ಸೀಸ ಇದೆ."

ನರ್ಸು ಪರದೆ ಎಳೆದಳು. ಪಟ್ಟಿಯನ್ನು ಹೊರಗೆ ತಂದು ನನ್ನ ಕೈಗೆ ಕೊಟ್ಟಳು. ಮತ್ತೆ ತೂಕ ನೋಡಿದರು. ಮೂವತ್ತಾರು ಮುಕ್ಕಾಲು. ಡಾಕ್ಟರು ಬಂದು ಕಾರ್ಡನ್ನು ತಿರುವಿ ತಿರುವಿ ನೋಡಿದರು.

"ಎಷ್ಟು ಸಲದಿಂದ ಕಟ್ಕೊಂಡು ಬರ್ತಿದ್ದೀರಮ್ಮಾ?"

"ಇವತ್ತಿಂದು ಬಿಟ್ಟು ಮೂರು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೂರು ಸಲವೂ ನಾವು ಇದೇ ಅಳತೆಗೆ ಹಾಕಿದ್ದೀವಿ. ಬಾಯಿ ಹುಣ್ಣು, ವಾಂತಿ ಇಷ್ಟು ಜಾಸ್ತಿಯಾಗಿದ್ದು ಅದಕ್ಕೇ ಇರಬಹುದು. ಆ ಹುಣ್ಣಿಗೇ ನೀವು ಊಟ ಬಿಟ್ಟು ಇಷ್ಟು ಇಳಿದಿರಬಹುದು." ಇವತ್ತು ಔಷಧಿ ಹಾಕಲಾಗುವುದಿಲ್ಲ, ಅಡ್ಮಿಟ್ ಮಾಡಿ ರಕ್ತ ನೋಡಬೇಕು, ತೂಕ ನಲವತ್ತು ಮುಟ್ಟಿದ ಮೇಲೆ ಮುಂದಿನ ಮಾತು ಎಂದರು.

ಅಡ್ಮಿಟ್ ಆಗುವುದಿಲ್ಲ ಎಂದು ಅಕ್ಕ ಹಟ ಹಿಡಿದು ಎದ್ದಳು. ನಾವು ಮೂವರೂ ಕಾರಿಡಾರಿಗೆ ಬಂದೆವು. ಭಾವ ಗೋಡೆ ಹಿಡಿದುಕೊಂಡು ನಿಂತರು. ಅಕ್ಕ ನನ್ನನ್ನು ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆಯಬಾರದೇ ಅನ್ನಿಸುತ್ತಿತ್ತು.

"ನೀನು ಸುಮ್ನಿದ್ದಿದ್ರೆ ಇವತ್ತು ಸಿಗ್ತಿತ್ತು ಅಲ್ವಾ?"

"ಸಿಗ್ತಿತ್ತು ಅಕ್ಕ."

"ನಾನು ಬದುಕ್ತಿದ್ನಾ?"

"ಗೊತ್ತಿಲ್ಲ."

"ಈಗ?"

ನನಗೆ ಅಳು ಉಕ್ಕಿ ಬಂತು. ಅವಳು ಅಳಲಿಲ್ಲ. ಮುಂದಕ್ಕೆ ಕೈ ಚಾಚಿದಳು.

"ಅದನ್ನ ಕೊಡು."

"ಯಾವುದನ್ನ?"

"ಸೀಸದ ಪಟ್ಟಿ. ಇದೊಂದೇ ಆಸ್ಪತ್ರೆ ಅಲ್ಲ."

ನಾನು ಪಟ್ಟಿಯನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಸರಿದೆ. ಈ ಹುಚ್ಚಿಗೆ ನೀವಾದರೂ ಬುದ್ಧಿ ಹೇಳಿ ಎಂದು ಭಾವನ ಕಡೆ ತಿರುಗಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಅವರೂ ಕೇಳಿದ್ದರು. ಗೋಡೆ ಬಿಟ್ಟು ನನ್ನ ಹತ್ತಿರ ಬಂದರು. ಅವರೂ ಕೈ ಚಾಚಿದರು.

"ಕೊಟ್ಬಿಡೋ," ಎಂದರು.

ನಾನು ಕೊಡಲಿಲ್ಲ. ಇಬ್ಬರೂ ಕೈ ಚಾಚಿಕೊಂಡು ನನ್ನ ಮುಂದೆ ನಿಂತೇ ಇದ್ದರು.